ಹಳೆಯ ಉಸಿರು

ಬೂದಿಕುದ್ರು ದ್ವೀಪದ ಬಿಲ ಉಸಿರಾಡುತ್ತದೆ. ಹೊಸಬರಿಗೆ ಈ ಮಾತು ಹೇಳಿದರೆ ಅವರು ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಆದರೆ ಇದರಲ್ಲಿ ದೆವ್ವ ಭೂತದ ಕತೆ ಏನೂ ಇಲ್ಲ. ಸಮುದ್ರಕ್ಕೆ ಉಬ್ಬರ ಇಳಿತ ಇರುವಂತೆ ಗಾಳಿಗೂ ಇದೆ. ಬೆಳಗಿನ ಹೊತ್ತು ಹೊರಗಿನ ಗಾಳಿಯ ಒತ್ತಡ ಏರುತ್ತದೆ, ಆಗ ಬಿಲ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಒತ್ತಡ ಇಳಿಯುತ್ತದೆ, ಆಗ ಒಳಗಿನ ಗಾಳಿ ಹೊರಗೆ ಬರುತ್ತದೆ. ರಾತ್ರಿ ಮತ್ತೊಮ್ಮೆ ಇದೇ ಆಟ. ಬಿಲದ ಬಾಯಲ್ಲಿ ಒಂದು ಚಿಂದಿ ಬಟ್ಟೆ ಕಟ್ಟಿದರೆ ಸಾಕು, ಅದು ಒಳಕ್ಕೂ ಹೊರಕ್ಕೂ ಆಡುವುದನ್ನು ಯಾರು ಬೇಕಾದರೂ ನೋಡಬಹುದು.

ಬಿಲವೆಂದರೆ ಲಾವಾ ಕೊಳವೆ. ಯಾವುದೋ ಕಾಲದಲ್ಲಿ ಬೆಂಕಿಗುಡ್ಡದಿಂದ ಹರಿದ ಲಾವಾದ ಮೇಲ್ಪದರ ತಣಿದು ಕಲ್ಲಾಯಿತು; ಅಡಿಯಲ್ಲಿ ಹರಿಯುತ್ತಿದ್ದದ್ದು ಸಮುದ್ರ ಸೇರಿ ಖಾಲಿಯಾಯಿತು; ಉಳಿದ ಪೊಳ್ಳೇ ಈ ಬಿಲ. ಕುಂದಾಪುರದಿಂದ ಬಡಗಿನ ಕರಾವಳಿಯನ್ನು ಸಮುದ್ರ ನುಂಗಿದ ಮೇಲೆ ಅಲ್ಲಿನ ಮೀನುಗಾರರನ್ನು ಹಡಗು ಹತ್ತಿಸಿ ತಂದು ಇಳಿಸಿದ್ದು ಈ ಕರಿಕಲ್ಲಿನ ದ್ವೀಪದಲ್ಲಿ. ಇಲ್ಲಿ ಹೊಳೆಯಿಲ್ಲ. ಬಾವಿ ತೋಡಿದರೆ ಉಪ್ಪುನೀರು. ಕುಡಿಯುವ ನೀರು ಸಿಗುವುದು ಬಿಲದೊಳಗಿನ ಕೊಳದಲ್ಲಿ ಮಾತ್ರ, ಅದೂ ಅಲ್ಲಿನ ಗೋಡೆಗೆ ಹಿಡಿದಿರುವ ಒಂದು ಬಿಳಿ ಪೊರೆಯ ದಯೆಯಿಂದ. ಆ ಪೊರೆಗೆ ಜೀವವಿದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಕಲ್ಲಿನಿಂದ ಜಿನುಗುವ ನೀರಿನ ವಿಷವನ್ನು ತಿಂದು, ತಿಳಿನೀರನ್ನು ಕೆಳಗೆ ಬಿಡುತ್ತವೆ. ಮನುಷ್ಯನ ಬೆರಳು ತಾಗಿದರೆ ಆ ಜಾಗ ಕಪ್ಪಾಗಿ ಸಾಯುತ್ತದೆ, ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು.

ಹಾಗಾಗಿ ಒಳಗೆ ಹೋಗುವವರಿಗೆ ಕಟ್ಟುನಿಟ್ಟು. ಬೂಟು ತೊಳೆದು ಹೋಗಬೇಕು. ಹೆಲ್ಮೆಟ್ ಹಾಕಿ, ಒಂದಲ್ಲ ಎರಡಲ್ಲ ಮೂರು ದೀಪ ಒಯ್ಯಬೇಕು. ಪೊರೆಗೆ ಮೈ ತಾಗದಂತೆ ಕಟ್ಟಿದ ಹಗ್ಗದ ಈಚೆಗೇ ನಡೆಯಬೇಕು. ಎಲ್ಲಿಗೆ ಹೋಗುತ್ತೇನೆ ಎಂದು ಹೊರಗಿನವರಿಗೆ ತಿಳಿಸಿ ಹೋಗಬೇಕು. ಉಳಿದದ್ದನ್ನೆಲ್ಲ ಜನ ಚಾಚೂ ತಪ್ಪದೆ ಪಾಲಿಸಿದರು. ಈ ಕೊನೆಯದು ಮಾತ್ರ ಅವರ ಗಂಟಲಲ್ಲಿ ಇಳಿಯಲಿಲ್ಲ.

ಕಡಲಿಗೆ ಹೊರಟವನನ್ನು ಎಲ್ಲಿಗೆ ಎಂದು ಕೇಳುವುದುಂಟೇ? ಕೇಳಿದರೆ ಆ ದಿನದ ಬಲೆ ಹಾಳು. ಹೊರಟವನನ್ನು ಹಿಂದಿನಿಂದ ಕೂಗಿ ಕರೆದರಂತೂ ಅವನ ಬಾಯಿಗೆ ನೀರು ಬಿಟ್ಟಂತೆಯೇ. ಊರು ಹೋಯಿತು, ದೋಣಿ ಹೋಯಿತು, ಈ ನೇಮ ಮಾತ್ರ ಅವರ ಜೊತೆ ಹಡಗು ಹತ್ತಿ ಬಂತು. ಬಿಲದ ಕೇಂದ್ರದ ಮುಖ್ಯಸ್ಥರು ಹಂಚಿನಾಳ ಎಂಬವರು, ಧಾರವಾಡದ ಕಡೆಯ ವಿಜ್ಞಾನಿ. ಅವರು ಹೇಳುವಷ್ಟು ಹೇಳಿ ಸೋತು, ಕೊನೆಗೆ ಒಂದು ಉಪಾಯ ಮಾಡಿದರು. ಬಿಲ ಒಳಗೆ ಹೋಗಿ ಎರಡಾಗಿ ಒಡೆಯುತ್ತದೆ: ತುಸು ಮೇಲಕ್ಕೇರಿ ಕೊಳ ಸೇರುವ ಗಿಡ್ಡ ಕವಲು, ಸಮುದ್ರದ ಅಡಿಗೆ ಇಳಿಯುವ ಉದ್ದ ಕವಲು. ಬಿಲದ ಬಾಯಿಗೆ ಹಾಕಿದ ಉಕ್ಕಿನ ಬಾಗಿಲ ಬಳಿ ಎರಡು ಗೂಟ ಹೊಡೆಸಿ, ಪ್ರತಿಯೊಬ್ಬರಿಗೂ ಹೆಸರು ಕೆತ್ತಿದ ಕರಟದ ಬಿಲ್ಲೆ ಕೊಟ್ಟರು. ಯಾವ ಕವಲಿಗೆ ಹೋಗುತ್ತೀರೋ ಆ ಗೂಟಕ್ಕೆ ಬಿಲ್ಲೆ ತೂಗುಹಾಕಿ, ಬರುವಾಗ ತೆಗೆದುಕೊಳ್ಳಿ; ಯಾರೂ ಕೇಳುವುದು ಬೇಡ, ಯಾರೂ ಹೇಳುವುದೂ ಬೇಡ ಎಂದರು. ಜನ ಒಪ್ಪಿದರು.

ಇನ್ನು ಮೂಗಿನ ವಿಷಯ. ಅದಕ್ಕೊಂದು ಉದ್ದದ ಹೆಸರಿದೆ, ಕೇಂದ್ರದಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. ಬಿಲದ ಬಾಯಿಗೆ ಕೂರಿಸಿದ ಯಂತ್ರ ಅದು. ಒಬ್ಬೊಬ್ಬರ ಉಸಿರಿಗೆ ಒಂದೊಂದು ವಾಸನೆಯ ಗುರುತಿದೆಯಷ್ಟೆ. ಮೂಗು ಅದನ್ನು ಕಲಿತುಕೊಂಡು, ಹೊರಗೆ ಬರುವ ಗಾಳಿಯಲ್ಲಿ ಯಾರ ಉಸಿರಿದೆ ಎಂದು ಹೇಳುತ್ತದೆ. ಪರದೆಯ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಒಂದು ಗೆರೆ. ಗೆರೆ ಎದ್ದರೆ ಉಸಿರು ಬಂತು ಎಂದರ್ಥ. ಅದು ಎಷ್ಟು ಹಳೆಯ ಉಸಿರು ಎನ್ನುವುದನ್ನು ಮಾತ್ರ ಮೂಗು ಹೇಳುವುದಿಲ್ಲ. ಮಲ್ಲಿಗೆ ಮುಡಿದ ಹೆಂಗಸು ಜಗಲಿ ದಾಟಿ ಹೋದ ಮೇಲೂ ಪರಿಮಳ ಉಳಿಯುತ್ತದಲ್ಲ, ಹಾಗೆ. ಗಿಡ್ಡ ಕವಲಿನಿಂದಾದರೆ ಸ್ವಲ್ಪ ಹೊತ್ತಿನ ಹಿಂದಿನದು, ಉದ್ದ ಕವಲಿನಿಂದಾದರೆ ಯಾವಾಗಿನದೋ. ಆ ಲೆಕ್ಕ ಹಾಕಲು ಮನುಷ್ಯರೇ ಬೇಕು. ಬೂದಿಕುದ್ರುವಿನಲ್ಲಿ ಆ ಕೆಲಸ ಗುಲಾಬಿಯದು.

ಗುಲಾಬಿ ನಲವತ್ತು ದಾಟಿದ ಹೆಂಗಸು, ಮಾತು ಕಡಿಮೆ, ಕೆಲಸದಲ್ಲಿ ಗಟ್ಟಿ. ಗಂಡ ಶೀನ ರಕ್ಷಣಾ ತಂಡದವನು. ಬಿಲದಲ್ಲಿ ಯಾರಾದರೂ ಸಿಕ್ಕಿಕೊಂಡರೆ ಮೊದಲು ಒಳಗೆ ಹೋಗಬೇಕಾದವನು. ತಮ್ಮ ಮಹಾಬಲ ನೀರಿನ ಕೊಳ ನೋಡಿಕೊಳ್ಳುವವನು. ತಾಯಿ ಹಡಗಿನಲ್ಲೇ ತೀರಿಕೊಂಡಾಗ ಎಂಟು ವರ್ಷದವನಾಗಿದ್ದ ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕನೇ. ಈಗ ಅವನಿಗೂ ಮದುವೆಯಾಗಿದೆ; ಹೆಂಡತಿ ಕನಕ. ಎರಡು ಮನೆಗೂ ನಡುವೆ ಒಂದೇ ಗೋಡೆ.

ಆ ದಿನ ಬೆಳಿಗ್ಗೆ ಮಹಾಬಲ ಒಬ್ಬನೇ ಬಿಲಕ್ಕೆ ಹೋದ. ಗಿಡ್ಡ ಕವಲಿಗೆ ಒಬ್ಬರೇ ಹೋಗಬಹುದು, ಉದ್ದ ಕವಲಿಗಾದರೆ ಜೊತೆ ಬೇಕೇ ಬೇಕು. ಅವನು ಗಿಡ್ಡ ಕವಲಿನ ಗೂಟಕ್ಕೆ ಬಿಲ್ಲೆ ಹಾಕಿ ಹೋದದ್ದನ್ನು ಗುಲಾಬಿ ಕೇಂದ್ರದ ಕಿಟಕಿಯಿಂದ ನೋಡಿದಳು. ಅವಳು ಇನ್ನೂ ಚಾ ಕುಡಿದು ಮುಗಿಸಿರಲಿಲ್ಲ, ಅಷ್ಟರಲ್ಲಿ ಅವನು ತಿರುಗಿ ಬಂದ. ಅಭ್ಯಾಸ ಬಲದಿಂದ ಬಿಲ್ಲೆ ತೆಗೆದು ಅಂಗಿಯ ಕಿಸೆಗೆ ಹಾಕಿಕೊಂಡು, ಉಗ್ರಾಣಕ್ಕೆ ಹೋಗಿ ಹೊಸ ಹಗ್ಗದ ಸುರುಳಿಯೊಂದನ್ನು ಹೆಗಲಿಗೇರಿಸಿಕೊಂಡ.

"ಎಂತ ಮಾರಾಯಾ, ಹೋದವ ತಿರ್ಗಿ ಬಂದೆ?"

"ಹಗ್ಗ ಬೇಕಿತ್ತ್ ಅಕ್ಕಾ."

"ಕೂಕೊ. ಒಂದ್ ಲೋಟ ನೀರ್ ಕುಡ್ದೇ ಹೋಗ್."

ಅರ್ಧ ದಾರಿಯಿಂದ ತಿರುಗಿ ಬಂದವನು ಕೂತು ನೀರು ಕುಡಿದೇ ಮತ್ತೆ ಹೊರಡಬೇಕು, ಅದೂ ಕಡಲಿನ ನೇಮ. ಮಹಾಬಲ ನಗುತ್ತ ಕುಡಿದ. ಲೋಟ ಕೆಳಗಿಟ್ಟು, "ಹಂಚಿನಾಳ ಸಾಹೇಬ್ರ್ ಇನ್ನೂ ಸಿಟ್ಟಲ್ಲಿದ್ರಾ?" ಎಂದು ಕೇಳಿದ. ಉದ್ದ ಕವಲಿನ ಅನಿಲಮಾಪಕಗಳಲ್ಲಿ ಒಂದು ಕೆಟ್ಟು ವಾರವಾಗಿತ್ತು. ಅದನ್ನು ಸರಿ ಮಾಡಲು ಜೊತೆಗೆ ಬರುವವರು ಸಿಗದೆ ಕೆಲಸ ಹಿಂದೆ ಬಿದ್ದಿತ್ತು. ಹಿಂದಿನ ದಿನ ಊಟಕ್ಕೆ ಕೂತಾಗ ಮಹಾಬಲ, "ಅದಕ್ಕೆಲ್ಲ ಇಬ್ರ್ ಎಂತಕೆ, ನಾ ಒಬ್ನೇ ಹೋಯಿ ಮಾಡ್ತೆ ಕಾಣಿ" ಎಂದು ಜಂಬ ಕೊಚ್ಚಿಕೊಂಡಿದ್ದ. ಕನಕ ಅವನಿಗೆ ಸೌಟು ತೋರಿಸಿದ್ದಳು.

ಅವನು ಎದ್ದು ಹೋದ. ಬಾಗಿಲ ಬಳಿ ಬೂಟು ತೊಳೆದ. ಗೂಟದ ಪಕ್ಕದಲ್ಲೇ ಹಾದು ಒಳಗೆ ನಡೆದ. ಬಿಲ್ಲೆ ಕಿಸೆಯಲ್ಲೇ ಉಳಿದಿತ್ತು. ಅದರ ದುಂಡು ಅಂಗಿಯ ಮೇಲೆ ಎದ್ದು ಕಾಣುತ್ತಿತ್ತು. ಗುಲಾಬಿ ಕಿಟಕಿಯಿಂದ ಬಗ್ಗಿ ಕೂಗಲು ಬಾಯಿ ತೆರೆದಳು. ಹಿಂದಿನಿಂದ ಕರೆಯುವುದು. ಅದೂ ಒಮ್ಮೆ ತಿರುಗಿ ಬಂದವನನ್ನು. ಕರೆದು ಕೇಳಬೇಕಾದದ್ದಾದರೂ ಏನು? ಎಲ್ಲಿಗೆ ಎಂದೇ ಅಲ್ಲವೇ? ಅವಳು ಬಾಯಿ ಮುಚ್ಚಿಕೊಂಡಳು. ಹೆತ್ತ ಮಗನಂತೆ ಸಾಕಿದವನ ಮೇಲೆ ಎರಡೆರಡು ಅಪಶಕುನ ಹೊರಿಸಲು ಯಾವ ಅಕ್ಕನಿಗೆ ಮನಸ್ಸು ಬಂದೀತು?

ಬಿಲ ಇನ್ನೂ ಗಾಳಿ ಎಳೆದುಕೊಳ್ಳುತ್ತಿದ್ದ ಹೊತ್ತಿಗೇ ನೆಲ ನಡುಗಿತು. ಜೋರಾಗಿ ಏನಲ್ಲ. ಮೇಜಿನ ಮೇಲಿನ ಲೋಟ ಉರುಳಿತು, ಕಪಾಟಿನ ಬಾಗಿಲು ತೆರೆದುಕೊಂಡಿತು, ಅಷ್ಟೆ. ಆದರೆ ಬಂಡೆಯ ಅದುರನ್ನಷ್ಟೇ ಹಿಡಿಯುವ, ಮನುಷ್ಯರ ದನಿ ಕೇಳದ ಮೈಕುಗಳಲ್ಲಿ ಬಿಲದೊಳಗೆ ಕಲ್ಲು ಬೀಳುವ ಸದ್ದು ಕೇಳಿತು. ಒಮ್ಮೆ ಬಿದ್ದು ನಿಲ್ಲಲಿಲ್ಲ, ಬೀಳುತ್ತಲೇ ಇತ್ತು. ಉದ್ದ ಕವಲಿನಲ್ಲಿ ಕೆಲಸ ಮಾಡುತ್ತಿದ್ದ ಮಾಪಕಗಳೆಲ್ಲ ಒಟ್ಟಿಗೇ ಕೆಂಪಾದವು. ಬಂಡೆ ಬಿರಿದು ಅಡಿಯಿಂದ ಇಂಗಾಲಾಮ್ಲ ಅನಿಲ ನುಗ್ಗುತ್ತಿತ್ತು. ಅದು ಗಾಳಿಗಿಂತ ಭಾರ. ನೀರಿನ ಹಾಗೆ ತಗ್ಗು ಹುಡುಕಿಕೊಂಡು ಹರಿಯುತ್ತದೆ. ಅದರಲ್ಲಿ ಮುಳುಗಿದವನಿಗೆ ನಾಲ್ಕು ಉಸಿರು ಸಿಕ್ಕರೆ ಹೆಚ್ಚು.

ಹಂಚಿನಾಳರು ಪಂಪಿನ ಮನೆಯಿಂದ ಓಡಿ ಬಂದರು. ಬಂದವರೇ ಬಾಗಿಲ ಗೂಟಗಳ ಕಡೆ ನೋಡಿದರು. ಎರಡೂ ಖಾಲಿ.

"ಪುಣ್ಯಾ ಮಾಡೇವಿ. ಒಳಗ ಯಾರೂ ಇಲ್ಲಲ್ರಿ?"

"ಮಹಾಬಲ ಒಳ್ಗಿದ್ದ," ಎಂದಳು ಗುಲಾಬಿ. ಅವಳ ಧ್ವನಿ ಅವಳಿಗೇ ಬೇರೆಯವರದ್ದೆನ್ನಿಸಿತು.

ಬಿಸಿಲೇರಿತು. ಒತ್ತಡ ಇಳಿಯತೊಡಗಿ ಬಿಲ ಉಸಿರು ಬಿಡಲು ಶುರುಮಾಡಿತು. ಎಲ್ಲರೂ ಪರದೆಯ ಮುಂದೆ ನಿಂತರು. ಮಹಾಬಲನ ಹೆಸರಿನ ಮುಂದೆ ಗೆರೆ ಎದ್ದಿತು. ಹೊರಗೆ ಸೇರಿದ್ದ ಜನ ಹೋ ಎಂದು ಕೂಗಿದರು. ಕನಕ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದು ಕೂತು ಅತ್ತಳು, ಸಂತೋಷಕ್ಕೆ. ಗುಲಾಬಿಗೆ ಮಾತ್ರ ಸಂತೋಷಪಡಲು ಧೈರ್ಯ ಸಾಲಲಿಲ್ಲ.

ಹಂಚಿನಾಳರು ಅವಳನ್ನು ಪಕ್ಕಕ್ಕೆ ಕರೆದರು. ವಯಸ್ಸಾದ ಮನುಷ್ಯ, ಬೆವರಿನಿಂದ ಕನ್ನಡಕ ಮಸುಕಾಗಿತ್ತು.

"ಗುಲಾಬಿ ಅವ್ರ, ಈ ಉಸಿರು ಈಗಿನದೋ, ನಡುಗೋದಕ್ಕಿಂತ ಮದಲಿಂದೋ?"

"ಗಿಡ್ಡ ಕವಲಾರೆ ಈಗಿನದ್ದ್. ಉದ್ದ ಕವಲಾರೆ ಹಳಿದ್. ಅಂವ ಹೋಪತ್ತಿಗೆ ದಾರ್ಯಲ್ಲಿ ಬಿಟ್ಟದ್ದ್."

"ಯಾವ ಕವಲಿಗೆ ಹೋಗ್ಯಾನ?"

ಗುಲಾಬಿ ಖಾಲಿ ಗೂಟಗಳ ಕಡೆ ನೋಡಿದಳು.

"ಕೇಳ್ರಿಲ್ಲೆ," ಹಂಚಿನಾಳರು ಮೆಲ್ಲಗೆ ಹೇಳಿದರು. "ಕವಲೊಡೆಯೋ ಜಾಗದಾಗ ಚಾವಣಿ ಸಡಿಲ ಆಗೇದ, ಇನ್ನೂ ಕಲ್ಲು ಬೀಳಾಕತ್ತಾವ. ಅದರ ಅಡಿಗೆ ಯಾರನ್ನರ ಕಳಸಬೇಕಂದ್ರ ಒಳಗ ಜೀವ ಅದ ಅಂತ ನನಗ ಗೊತ್ತಿರಬೇಕು. ಆ ಕಡೆ ಅನಿಲ ಏರಾಕತ್ತೇದ. ಸಂಜಿ ಒಳಗ ಅದು ಬಾಯಿಗೆ ಬರತದ. ಬಂದ್ರ ನೆಟ್ಟಗ ಕೇರಿಗೆ ಇಳೀತದ. ಬಾಗಲಾ ಹಾಕಬೇಕಾಗತದ. ಜೀವ ಇದ್ದವನ ಮ್ಯಾಲೆ ಬಾಗಲಾ ಹಾಕೋದು ನನ್ನ ಕೈಲೆ ಆಗೂದಿಲ್ಲ. ಅದಕ್ಕ ಕೇಳಾಕತ್ತೇನಿ. ಹೇಳ್ರಿ."

ಬಿಲದ ಬಾಯಿಯ ಕೆಳಗಿನ ತಗ್ಗಿನಲ್ಲೇ ಕೇರಿ. ಇನ್ನೂರು ಮನೆ, ಮಕ್ಕಳು ಮರಿ. ಉಕ್ಕಿನ ಬಾಗಿಲು ಅದಕ್ಕೆಂದೇ ಇದ್ದದ್ದು.

ಗುಲಾಬಿ ಯೋಚಿಸಿದಳು. ಒಬ್ಬನೇ ಹೋಗಿದ್ದಾನೆ, ಹಾಗಾದರೆ ಗಿಡ್ಡ ಕವಲು. ಮೊದಲು ಬಿಲ್ಲೆ ಹಾಕಿದ್ದೂ ಅಲ್ಲಿಗೇ. ಆದರೆ ತಿರುಗಿ ಬಂದನಲ್ಲ, ಯಾಕೆ? ಹಗ್ಗಕ್ಕೆ. ಗಿಡ್ಡ ಕವಲು ಮನೆಯ ಪಡಸಾಲೆಯಷ್ಟು ಸಮತಟ್ಟು, ಅಲ್ಲಿ ಹಗ್ಗ ಯಾರಿಗೆ ಬೇಕು? ಹಗ್ಗ ಹಿಡಿದು ಇಳಿಯಬೇಕಾದದ್ದು ಉದ್ದ ಕವಲಿನಲ್ಲಿ. ನಿನ್ನೆ ಊಟದ ಹೊತ್ತಿನ ಜಂಬ ಬೇರೆ. ಸಾಹೇಬರ ಸಿಟ್ಟಿನ ಬಗ್ಗೆ ಕೇಳಿದ್ದು ಬೇರೆ. ಬಿಲ್ಲೆ ಹಾಕದೇ ಹೋದದ್ದು ಮರೆತೋ, ಒಬ್ಬನೇ ಉದ್ದ ಕವಲಿಗೆ ಹೋಗುವುದು ಯಾರಿಗೂ ತಿಳಿಯಬಾರದೆಂದೋ? ಅವನನ್ನು ಅವಳು ಬಲ್ಲಳು. ಹಟಮಾರಿ.

ಕಿಟಕಿಯ ಹೊರಗೆ ಶೀನ ನಿಂತಿದ್ದ. ಹೆಲ್ಮೆಟ್ ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ತಯಾರಾಗಿದ್ದ. ಗಲ್ಲದ ಪಟ್ಟಿಯನ್ನು ಬಿಗಿಮಾಡುವುದು, ಸಡಿಲಿಸುವುದು, ಮತ್ತೆ ಬಿಗಿಮಾಡುವುದು. ಹೆಂಡತಿಯ ಕಡೆ ಅವನು ನೋಡಲಿಲ್ಲ.

ಮೈಕಿನಲ್ಲಿ ಇನ್ನೊಂದು ಕಲ್ಲು ಬಿತ್ತು.

"ಉದ್ದ ಕವಲ್," ಎಂದಳು ಗುಲಾಬಿ. "ಹಗ್ಗ ತಕಂಡ್ ಹೋಯ್ದ. ಅಂವ ಹೋದ್ದ್ ಉದ್ದ ಕವಲಿಗೇ."

"ಖರೇ?"

"ಖರೆ."

ಹಂಚಿನಾಳರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಹೊರಗೆ ಹೋದರು. ಇಳಿ ಹೊತ್ತಿನಲ್ಲಿ, ಪರದೆಯ ಮೇಲೆ ಗೆರೆ ಇನ್ನೂ ಇರುವಾಗಲೇ, ಬಾಗಿಲು ಮುಚ್ಚಿತು. ಕನಕ ಆ ಬಾಗಿಲಿಗೆ ತಲೆ ಚಚ್ಚಿಕೊಂಡಳು. ನಾಲ್ವರು ಹೆಂಗಸರು ಸೇರಿ ಅವಳನ್ನು ಎತ್ತಿಕೊಂಡು ಮನೆಗೆ ತಂದರು. ಗೆರೆ ಇದ್ದದ್ದು ಹೌದು, ಆದರೆ ಅದು ಹಳೆಯ ಉಸಿರು ಎಂದು ಗುಲಾಬಿ ಅವಳಿಗೆ ಎಷ್ಟು ಸಲ ಬಿಡಿಸಿ ಹೇಳಿದಳೋ. ಕೊನೆಗೆ ಕನಕ ನಂಬಿದಳು. ಯಂತ್ರದ ವಿಷಯದಲ್ಲಿ ಗುಲಾಬಿಯ ಮಾತನ್ನು ನಂಬದವರು ಆ ದ್ವೀಪದಲ್ಲಿ ಯಾರೂ ಇರಲಿಲ್ಲ.

ಹೆಣ ಸಿಗದೆ ಕಡಲಲ್ಲಿ ಹೋದವರಿಗೆ ಏನು ಮಾಡುತ್ತಿದ್ದರೋ ಮಹಾಬಲನಿಗೂ ಅದನ್ನೇ ಮಾಡಿದರು. ಮೂರನೆಯ ದಿನ ದರ್ಭೆಯ ಗೊಂಬೆ ಕಟ್ಟಿ, ಅವನ ಒಂದು ಅಂಗಿ ಹೊದೆಸಿ, ಕಡಲ ದಡದಲ್ಲಿ ಸುಟ್ಟರು. ದ್ವೀಪದಲ್ಲಿ ದರ್ಭೆ ಬೆಳೆಯುವುದಿಲ್ಲ. ಹಡಗಿನಲ್ಲಿ ಬರುವ ಪೂಜೆಯ ಕಟ್ಟನ್ನೇ ಬಿಚ್ಚಿ ಕಟ್ಟಿದ್ದರಿಂದ ಗೊಂಬೆ ಅಂಗೈಯಷ್ಟೇ ಆಗಿತ್ತು. ಕನಕ ಬಳೆ ತೆಗೆದಳು. ಗೊಂಬೆ ಸಣ್ಣದಾದ್ದಕ್ಕೆ ಅಂಗಿಯೇ ಹೆಚ್ಚು ಹೊತ್ತು ಉರಿಯಿತು.

ಸುಟ್ಟು ಬಂದು, ಮಿಂದು, ಗಂಜಿಗೆ ಕೂತ ಶೀನ ಒಣಮೀನು ಮುರಿಯುತ್ತ ಹೇಳಿದ:

"ನೀ ಹೇಳದ್ದ್ ಸಮ ಆಯ್ತ್ ಕಾಣ್. ಆ ಕಲ್ಲಿನ ಅಡಿಗ್ ನಾ ಹೊಕ್ಕಿದ್ರೆ ನಂದೂ ಒಂದ್ ಗೊಂಬಿ ಕಟ್ಕಿತ್ತ್."

ಗುಲಾಬಿ ಸೌಟನ್ನು ಪಾತ್ರೆಯಲ್ಲಿ ಬಿಟ್ಟು ಹಿತ್ತಿಲಿಗೆ ಹೋದಳು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಬದುಕಿ ಉಳಿದವನಿಗೆ ಹಾಗನ್ನಿಸುವುದು ಸಹಜ. ಆದರೂ ಅವಳಿಗೆ ಅವನ ಮೇಲೆ ಎಂದೂ ಇಲ್ಲದ ಸಿಟ್ಟು ಬಂತು. ಹಿತ್ತಿಲ ಕಲ್ಲಿನ ಮೇಲೆ ಕೂತು ಅವಳು ತನ್ನನ್ನೇ ಕೇಳಿಕೊಂಡಳು: ಶೀನನ ಬದಲು ಬೇರೆ ಯಾರೋ ಹೆಲ್ಮೆಟ್ ಹಾಕಿ ನಿಂತಿದ್ದರೆ ನನ್ನ ಬಾಯಲ್ಲಿ ಯಾವ ಕವಲು ಬರುತ್ತಿತ್ತು? ಹಗ್ಗ, ಹಗ್ಗ ಎಂದು ಅವಳು ಮನಸ್ಸಿಗೆ ಹೇಳಿದಳು. ಹಗ್ಗವನ್ನು ಕಣ್ಣಾರೆ ಕಂಡಿದ್ದೇನಲ್ಲ. ಗೋಡೆಯ ಆಚೆ ಕನಕ ಅಳುವುದು ಕೇಳುತ್ತಿತ್ತು. ಗುಲಾಬಿ ಎದ್ದು ಒಂದು ತಟ್ಟೆ ಗಂಜಿ ತೆಗೆದುಕೊಂಡು ಅಲ್ಲಿಗೆ ಹೋದಳು. ಹೊಟ್ಟೆಗೆ ಹಾಕದೆ ಕೂತವಳ ಬಾಯಿ ವಾಸನೆ ಬರುತ್ತಿತ್ತು, ಉಪವಾಸದ ಹುಳಿ ವಾಸನೆ. ಬೈದು, ಗದರಿಸಿ, ನಾಲ್ಕು ತುತ್ತು ಇಳಿಸಿದಳು.

ಉತ್ತರಕ್ರಿಯೆಯ ಬೊಜ್ಜವೂ ಮುಗಿದ ಮೇಲೆ ಒಂದು ದಿನ ಆಕಾಶ ಮಂಕಾಯಿತು. ತೆಂಕಣ ಕಡಲಿನಲ್ಲಿ ಚಂಡಮಾರುತ ಎದ್ದಿದೆ, ದ್ವೀಪವನ್ನು ಸವರಿಕೊಂಡು ಹೋಗುತ್ತದೆ ಎಂದು ರೇಡಿಯೋ ಹೇಳಿತು. ಒತ್ತಡ ಯಾವ ವರ್ಷವೂ ಇಳಿಯದಷ್ಟು ಇಳಿಯಿತು. ಬಿಲದೊಳಗೆ ಕೂಡಿಹಾಕಿದ್ದ ಗಾಳಿ ಉಕ್ಕಿನ ಬಾಗಿಲನ್ನು ಒಳಗಿನಿಂದ ಒತ್ತತೊಡಗಿತು, ತಿರುಗಣಿಗಳು ಕಿರುಗುಟ್ಟಿದವು. ಅದೃಷ್ಟಕ್ಕೆ ಅಷ್ಟರಲ್ಲಿ ಅಡಿಯ ಬಿರುಕು ಮುಚ್ಚಿಕೊಂಡು ಅನಿಲ ಇಳಿದಿತ್ತು, ಮಾಪಕಗಳೆಲ್ಲ ಹಸಿರಾಗಿದ್ದವು. ಕಲ್ಲು ಬೀಳುವುದೂ ನಿಂತಿತ್ತು. ಬಾಗಿಲು ಮುರಿಯುವುದಕ್ಕಿಂತ ತೆರೆಯುವುದೇ ಲೇಸೆಂದು ಹಂಚಿನಾಳರು ತೆರೆಸಿದರು. ಹೇಗೂ ತೆರೆದದ್ದಾಯಿತು, ಹೆಣವನ್ನಾದರೂ ಹುಡುಕಿ ತರೋಣ ಎಂದು ಶೀನ ಮತ್ತು ಇನ್ನೊಬ್ಬ ಸಿಲಿಂಡರ್ ಕಟ್ಟಿಕೊಂಡು ಒಳಗೆ ಹೋದರು.

ಬಿಲ ಉಸಿರು ಬಿಟ್ಟಿತು. ಇಷ್ಟು ದಿನ ಹಿಡಿದಿಟ್ಟದ್ದನ್ನೆಲ್ಲ ಒಟ್ಟಿಗೆ ಬಿಟ್ಟಿತು. ಗುಲಾಬಿ ಮೂಗಿಗೆ ವಿದ್ಯುತ್ ಕೊಟ್ಟು ಕೂತಳು, ಒಳಗೆ ಹೋದ ಇಬ್ಬರ ಮೇಲೆ ಗಮನ ಇರಲಿ ಎಂದು. ಅವರಿಬ್ಬರ ಗೆರೆಗಳು ಎದ್ದವು. ಅವುಗಳ ಕೆಳಗೆ ಮೂರನೆಯದೊಂದು ಗೆರೆಯೂ ಎದ್ದಿತು.

ಮಹಾಬಲನ ಗೆರೆ. ಸಣ್ಣದೇನಲ್ಲ, ಪರದೆಯ ಅರ್ಧಕ್ಕೆ ಏರಿ ನಿಂತಿತ್ತು. ಸುದ್ದಿ ಹೇಗೆ ಮುಟ್ಟಿತೋ, ಕನಕ ಮಳೆಯಲ್ಲೇ ಓಡಿ ಬಂದಳು. ಕೈಯಲ್ಲಿ ಗಂಡನ ಒಂದು ಒಣಗಿದ ಲುಂಗಿ ಇತ್ತು.

"ಅಕ್ಕಾ! ಜೀವ ಇತ್ತ್ ಅಂಬ್ರಲೆ? ಅಂವ ಬತ್ನಾ?"

ಗುಲಾಬಿಯ ಕಣ್ಣು ಗೆರೆಯ ಬಣ್ಣದ ಮೇಲಿತ್ತು. ಹಸಿದವರ ಉಸಿರನ್ನು ಮೂಗು ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಅನ್ನವಿಲ್ಲದ ದೇಹ ತನ್ನ ಕೊಬ್ಬನ್ನೇ ಕರಗಿಸಿಕೊಂಡು ಬದುಕುವಾಗ ಉಸಿರಿನಲ್ಲಿ ಒಂದು ಹುಳಿ ಸೇರುತ್ತದೆ, ಅದರ ಬಣ್ಣ ಅರಿಶಿನ. ಮಹಾಬಲನ ಗೆರೆ ಮೊದಮೊದಲು ಬೆಳ್ಳಗಿತ್ತು. ಬರಬರುತ್ತ ಹಳದಿಗೆ ತಿರುಗಿತು. ಈಗ ಪೂರ್ತಿ ಅರಿಶಿನವಾಗಿತ್ತು.

ಬೆಳಿಗ್ಗೆ ರೊಟ್ಟಿ ತಿಂದು ಹೋದವನ ಉಸಿರು ಅದೇ ಮಧ್ಯಾಹ್ನ ಹಳದಿಯಾಗುವುದಿಲ್ಲ. ಅದಕ್ಕೆ ದಿನಗಳು ಬೇಕು.

ರಕ್ಷಣಾ ತಂಡದವರಷ್ಟೇ ಒಯ್ಯುವ ರೇಡಿಯೋ ಕರಕರ ಎಂದು, ಶೀನನ ಧ್ವನಿ ಬಂತು. "ಸಿಕ್ದ. ಗಿಡ್ಡ ಕವಲಲ್ಲಿ, ಬಿಳಿ ಗ್ವಾಡಿ ಹತ್ರ. ಹ್ವಾಯ್, ಕೇಣ್ತಾ? ಹಳಿ ಹಗ್ಗ ಹರ್ದ್ ಹೋಯಿತ್ತ್, ಅದಕ್ಕೆ ಹೊಸ್ತ್ ಕಟ್ಟಿದ. ಜನ ಮುಟ್ಟುಕಾಗ ಅಂದ್. ಪೂರಾ ಕಟ್ಟಿ ಮುಗ್ಸಿದ." ಅವನ ಬೂಟು ಕಲ್ಲೊಂದಕ್ಕೆ ತಾಗಿದ ಸದ್ದು ಕೇಳಿತು. "ದಾರಿಗ್ ಬಿದ್ದದ್ದ್ ಕಲ್ ಜಾಸ್ತಿ ಇಲ್ಲೆ. ಒಬ್ಬಂಗ್ ಎತ್ತುಕ್ ಆಪ್ದಲ್ಲ, ಇಬ್ರ್ ಸೇರಿ ಎತ್ತಿ ಬದಿಗಿಟ್ಟ್ ಬಂದ್ವ್. ಅಷ್ಟೇ ಇದ್ದದ್ದ್."

ಕನಕ ಲುಂಗಿಯನ್ನು ಎದೆಗೊತ್ತಿಕೊಂಡು ನೆಲದ ಮೇಲೆ ಕೂತಳು. ಅವಳಿಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಪರದೆಯ ಮೇಲೆ ಗೆರೆ ಇನ್ನೂ ಓಡುತ್ತಿತ್ತು.

"ಈಗ ಬಪ್ಪುದ್ ಯಾವಾಗಿಂದ್ ಅಕ್ಕ?"

"ನಾಲ್ಕನೇ ದಿನದ್ದ್ ಆಯ್ಕ್. ಅಲ್ದಿರೆ ಐದನೇದ್ದ್." ಗುಲಾಬಿ ಸುಳ್ಳು ಹೇಳಬಹುದಿತ್ತು. ಒಂದು ಸುಳ್ಳು ಹೇಳಿದರೆ ಕನಕನ ನಿದ್ರೆ ಉಳಿಯುತ್ತಿತ್ತು. ಆದರೆ ಬಾಯಿಗೆ ಬಂದದ್ದು ನಿಜವೇ.

"ನೀರ್ ಕುಡ್ದಿಪ್ಪ ಅಲ್ದಾ?"

"ಕೊಳ ಅಲ್ಲೇ ಇತ್ತ್. ಕುಡ್ದಿದ. ನೀರಿಲ್ದಿರೆ ಇಷ್ಟ್ ದಿನ ಇಪ್ದಿಲ್ಲೆ."

"ಮತ್ತೆ ಹ್ಯಾಂಗ್ ಹೋದ?"

"ಬಾಗ್ಲ್ ಹಾಕ್ರಲೆ. ಗಾಳಿ ಆಡೂದ್ ನಿಂತ್ ಹೋಯ್ತ್. ಕಡಿಗ್ ಅಂವನ್ ಉಸ್ರೇ ಅಂವಂಗ್..." ಎಂದು ಗುಲಾಬಿ ನಿಲ್ಲಿಸಿದಳು.

ಗೆರೆ ತೆಳುವಾಗುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಕಣ್ಣು ಕೀಳಲು ಇಬ್ಬರಿಂದಲೂ ಆಗಲಿಲ್ಲ. ಗಂಡ ಸಾಯುವಾಗ ಪಕ್ಕದಲ್ಲಿ ಕೂರಬೇಕಾದವಳು ಈಗ ಕೂತಿದ್ದಳು, ಇಷ್ಟು ದಿನ ತಡವಾಗಿ. ಗೆರೆ ಒಮ್ಮೆ ಅಡಗಿತು, ಮತ್ತೆ ಸ್ವಲ್ಪ ಎದ್ದಿತು, ಆಮೇಲೆ ಅಡಿಗೆ ಅಂಟಿಕೊಂಡು ಏಳಲಿಲ್ಲ. ಗಾಳಿ ಮಾತ್ರ ಹೊರಗೆ ಬರುತ್ತಲೇ ಇತ್ತು.

"ನಾವ್ ಗೊಂಬಿ ಸುಟ್ಟ್ ದಿನ," ಕನಕ ಕೇಳಿದಳು, "ಅಂವ ಇದ್ದ್ನಾ?"

"ಇದ್ದ."

ಕನಕ ಅಳಲಿಲ್ಲ. ಅವಳು ತಲೆಯೆತ್ತಿ ಗುಲಾಬಿಯ ಮುಖ ನೋಡಿದಳು. ಮೊದಲ ಸಲ ನೋಡುವವಳ ಹಾಗೆ ನೋಡಿದಳು.

"ಉದ್ದ ಕವಲ್ ಅಂದ್ ಎಂತಕೆ ಹೇಳ್ದೆ ಅಕ್ಕ?"

ಅದಕ್ಕೆ ಉತ್ತರ ತಯಾರಿತ್ತು. ಇಷ್ಟು ದಿನ ಕೇಳಿದವರಿಗೆಲ್ಲ ಗುಲಾಬಿ ಅದನ್ನೇ ಹೇಳಿದ್ದಳು. ಕೇಳದವರಿಗೂ ಹೇಳಿದ್ದಳು. ಅಷ್ಟರಲ್ಲಿ ಹೊರಗೆ ಬಿಲದ ಬಾಯಲ್ಲಿ ಇಬ್ಬರು ಗಂಡಸರು ಬಟ್ಟೆ ಸುತ್ತಿದ ಭಾರವೊಂದನ್ನು ಹೊತ್ತು ಮಳೆಗೆ ಬಂದರು. ಮುಂದೆ ಹೊತ್ತವನು ಶೀನ. ನೆಟ್ಟಗೆ, ಗಟ್ಟಿಮುಟ್ಟಾಗಿ ನಡೆಯುತ್ತಿದ್ದ.

"ಹಗ್ಗ ಕಂಡೆ," ಎಂದಳು ಗುಲಾಬಿ. "ಆಮೇಲೆ ಕಿಟ್ಕ್ಯಲ್ಲಿ ಇವ್ರ್ ಹೆಲ್ಮೆಟ್ ಹಾಕಿ ನಿಂತದ್ದ್ ಕಂಡೆ."

ಕನಕ ಎದ್ದು ಕಿಟಕಿಯ ಕಡೆ ತಿರುಗಿದಳು. ಶೀನ ಭಾರ ಇಳಿಸುವವರೆಗೂ ಅವಳು ಅವನ ಮೇಲಿಂದ ಕಣ್ಣು ತೆಗೆಯಲಿಲ್ಲ.